ಬುದ್ಧನ ಅಡಿಯ ಚೀಟಿ

ಸಿಂಧನೂರಿನಲ್ಲಿ ನಮ್ಮ ಮನೆ ಕಟ್ಟಿ ಮುಗಿಯುತ್ತಾ ಬಂದಾಗ ನಾನು ಲಿಂಗಸುಗೂರಿನಿಂದ ಒಂದು ಬುದ್ಧನ ಮೂರ್ತಿ ತಂದೆ. ಶಿಕ್ಷಕರ ತರಬೇತಿಗೆಂದು ಮೂರು ದಿನ ಅಲ್ಲಿಗೆ ಹೋಗಿ ಬರುತ್ತಿದ್ದೆ. ಕೊನೆಯ ದಿನ ಬಸ್ಸಿಗೆ ಇನ್ನೂ ಹೊತ್ತಿತ್ತು. ನಿಲ್ದಾಣದ ಎದುರಿನ ಗಿಫ್ಟ್ ಅಂಗಡಿಯಲ್ಲಿ ಗಾಜಿನ ಹಿಂದೆ ಅದು ಕೂತಿತ್ತು. ಹಾಲಿನಂಥ ಬಿಳುಪು, ಮೊಳದಷ್ಟು ಎತ್ತರ, ಬಟ್ಟೆಯ ಅಂಚಿಗೆ ಬಂಗಾರದ ಬಣ್ಣ. ನೋಡಲು ಅಮೃತಶಿಲೆಯ ಹಾಗಿದ್ದರೂ ಒಂದೇ ಕೈಯಲ್ಲಿ ಎತ್ತುವಷ್ಟು ಹಗುರ. ಅಂಗಡಿಯವನು ಹಳೆಯ ಪೇಪರಿನಲ್ಲಿ ಸುತ್ತಿಕೊಟ್ಟ. ಸಿಂಧನೂರಿನವರೆಗೂ ತೊಡೆಯ ಮೇಲಿಟ್ಟುಕೊಂಡೇ ಬಂದೆ.

ಅದು ಅವ್ವನ ಬಹಳ ವರ್ಷಗಳ ಆಸೆ. ಅಪ್ಪ ಹಟ್ಟಿಯ ಚಿನ್ನದ ಗಣಿಯಲ್ಲಿ ಕೆಲಸ ಮಾಡಿದವರು. ನಾವು ಬೆಳೆದದ್ದು ಕಂಪನಿಯ ಎರಡು ಖೋಲಿಯ ಮನೆಯಲ್ಲಿ. ನಾನು ಏಳನೆಯ ತರಗತಿಯಲ್ಲಿದ್ದಾಗ ಅಪ್ಪ, ಅವ್ವ ಮತ್ತು ನಮ್ಮ ಸಾಲಿನ ಇನ್ನೂ ಕೆಲವು ಮನೆಯವರು ಬೌದ್ಧರಾದರು. ಕ್ಯಾಲೆಂಡರಿನಲ್ಲಿದ್ದ ಬುದ್ಧನ ಚಿತ್ರವನ್ನು ಅಪ್ಪ ಕತ್ತರಿಸಿ, ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು. ಅಪ್ಪ ತೀರಿಕೊಂಡ ಮೇಲೆ ಅವ್ವ ನನ್ನ ಜೊತೆಗೆ ಬಂದಳು, ಆ ಚಿತ್ರವೂ ಬಂತು. ಬಾಡಿಗೆ ಮನೆಗಳಲ್ಲಿ ಗೋಡೆಯಿಂದ ಗೋಡೆಗೆ ಅಲೆದು ಅದರ ಬಣ್ಣವೆಲ್ಲ ಹಳದಿಗೆ ತಿರುಗಿತ್ತು. ಕಟ್ಟಿನ ಕಟ್ಟಿಗೆಗೆ ಹುಳ ಹಿಡಿದಿತ್ತು. "ಸ್ವಂತ ಮನಿ ಆದಮ್ಯಾಲೆ ಮೂರ್ತಿ ತರೋಣು," ಎಂದು ಅವ್ವ ಎಷ್ಟೋ ಸಲ ಹೇಳಿದ್ದಳು.

ಬಿಳಿಯ ಮೂರ್ತಿ ನೋಡಿ ಅವ್ವನಿಗೆ ಬಹಳ ಸಂತೋಷವಾಯಿತು. ಸೆರಗಿನಿಂದ ಅದರ ಮುಖ ಒರೆಸಿ, ಪಡಸಾಲೆಯ ಗೋಡೆಯಲ್ಲಿ ಕಟ್ಟಿಸಿದ್ದ ಗೂಡಿನಲ್ಲಿ ಇಟ್ಟಳು.

ಅದೇ ದಿನಗಳಲ್ಲಿ ನಮ್ಮ ಶಾಲೆಯ ಗಣಿತದ ಮಾಸ್ತರರಿಗೆ ಚೀಟಿಗಳ ಗುಂಗು ಹತ್ತಿತ್ತು. ನಮ್ಮ ದೇಶದಲ್ಲಿ ತಯಾರಾದದ್ದನ್ನೇ ಕೊಳ್ಳಬೇಕು ಎಂಬ ಮಾತು ಟೀವಿಯಲ್ಲಿ, ಫೋನಿನಲ್ಲಿ, ಭಾಷಣಗಳಲ್ಲಿ ಎಲ್ಲ ಕಡೆಯೂ ಕೇಳುತ್ತಿತ್ತು. ಬೇರೆಯವರು ಕೇಳಿ ಸುಮ್ಮನಾದರು. ಮಾಸ್ತರರು ಸುಮ್ಮನಾಗಲಿಲ್ಲ. ಊರಿನ ಪ್ರೆಸ್ಸಿನಲ್ಲಿ ತಮ್ಮ ಖರ್ಚಿನಿಂದಲೇ ಮೂರು ಬಣ್ಣದ ಅಂಚಿನ ಸಣ್ಣ ಚೀಟಿಗಳನ್ನು ಮಾಡಿಸಿದರು. "ಇದು ನಮ್ಮ ದೇಶದಲ್ಲಿ ತಯಾರಾದದ್ದು" ಎಂದು ಅದರ ಮೇಲಿತ್ತು. ಶಿಕ್ಷಕರ ಕೋಣೆಯ ಒಂದೊಂದೇ ಸಾಮಾನನ್ನು ತಿರುಗಿಸಿ, ಹಿಂದೆ ಮುಂದೆ ಓದಿ, ಪಾಸಾದವಕ್ಕೆ ಚೀಟಿ ಹಚ್ಚಿದರು. ಕಬ್ಬಿಣದ ಅಲಮಾರಿ ಪಾಸಾಯಿತು. ಸೀಮೆಸುಣ್ಣದ ಡಬ್ಬಿ, ಫ್ಯಾನು, ನೀರಿನ ಕೊಡ ಪಾಸಾದವು. ಗೋಡೆಯ ಗಡಿಯಾರ ಫೇಲಾಯಿತು. ಕಸ ಹೊಡೆಯುವ ಆಯಾ ತನ್ನ ಪೊರಕೆ ತಂದು, "ಇದಕ್ಕೂ ಒಂದು ಹಚ್ರಿ ಸರ್, ಇದು ಹಳ್ಳದ ದಂಡಿ ಮ್ಯಾಲಿನ ಹುಲ್ಲಿಂದು," ಎಂದಳು. ಅವರು ನಗದೆ, ಅದಕ್ಕೂ ಹಚ್ಚಿದರು.

ನಾವೆಲ್ಲ ಹಿಂದಿನಿಂದ ಅವರನ್ನು ಆಡಿಕೊಳ್ಳುತ್ತಿದ್ದೆವು. ಆದರೆ ಅವರ ಈ ಹಟಕ್ಕೆ ಒಂದು ಕಾರಣವಿತ್ತು. ಅವರ ತಂದೆ ನೇಕಾರರು. ಲಿಂಗಸುಗೂರಿನ ಕಡೆಯ ಒಂದು ಹಳ್ಳಿಯಲ್ಲಿ ಅವರ ಮನೆಯಲ್ಲಿ ಎರಡು ಕೈಮಗ್ಗಗಳಿದ್ದವಂತೆ. ಒಮ್ಮೆ ಊಟದ ಹೊತ್ತಿನಲ್ಲಿ ಅವರೇ ಹೇಳಿದರು: "ಮಿಲ್ಲಿನ ಸೀರಿಗೆ ಕೈಮಗ್ಗದ್ದು ಅಂತ ಚೀಟಿ ಹಚ್ಚಿ ಪ್ಯಾಟ್ಯಾಗ ಮಾರಾಕ ನಿಂತ್ರು ಮೇಡಂ. ಅದೇ ಬಣ್ಣ, ಅದೇ ಅಂಚು, ಅರ್ಧಾ ರೇಟು. ನಮ್ಮಪ್ಪ ನೇಯ್ದ ಸೀರಿ ಹಂಗೇ ಉಳೀತು. ಮಗ್ಗ ಬಿಚ್ಚಿ ಅಟ್ಟದ ಮ್ಯಾಲೆ ಹಾಕಿದ್ವಿ. ಅವತ್ತಿಂದ ನಾ ಏನರ ಕೊಂಡ್ರೂ ಮೊದಲು ಚೀಟಿ ಓದತೀನಿ." ಆಮೇಲೆ ನಾನು ಆಡಿಕೊಳ್ಳುವುದನ್ನು ಬಿಟ್ಟೆ.

ಮನೆ ಪ್ರವೇಶದ ದಿನ ನಾವು ಹೋಮ ಗೀಮ ಇಡಲಿಲ್ಲ. ದೀಪ ಹಚ್ಚಿ, ಎಲ್ಲರೂ ಕೂತು ಬುದ್ಧವಂದನೆ ಹೇಳಿದೆವು. ನನ್ನ ಗಂಡ ಡಿಪೋದಲ್ಲಿ ಮೆಕ್ಯಾನಿಕ್. ಅವರ ಕಡೆಯವರು, ಶಾಲೆಯವರು, ಓಣಿಯವರು ಬಂದಿದ್ದರು. ಊಟಕ್ಕೆ ಗೋಧಿ ಪಾಯಸ, ಅನ್ನ, ಬದನೆಕಾಯಿ ಪಲ್ಯ. ಮಾಸ್ತರರು ಹೆಂಡತಿಯೊಂದಿಗೆ ಬಂದರು. ಮನೆಯೆಲ್ಲ ನೋಡಿ ಮೆಚ್ಚಿಕೊಂಡರು. ಗೂಡಿನ ಮುಂದೆ ಬಂದಾಗ ಕೈ ಮುಗಿದು, "ಎಷ್ಟು ಚೆಂದ ಐತಿ ಮೂರ್ತಿ," ಎಂದು ಎರಡೂ ಕೈಯಿಂದ ಎತ್ತಿದರು. ಎತ್ತಿದವರೇ ಅಭ್ಯಾಸಬಲದಿಂದ ಅಡಿಯನ್ನು ತಿರುಗಿಸಿ ನೋಡಿದರು. ಮೂರ್ತಿಯನ್ನು ಮೊದಲಿನ ಜಾಗದಲ್ಲೇ ಮೆಲ್ಲಗೆ ಇಟ್ಟರು, ಆದರೆ ಅವರ ಮುಖ ಬದಲಾದದ್ದು ಅವ್ವನಿಗೆ ಕಂಡಿತು.

"ಏನ್ ಬರದೈತ್ರಿ ಮಾಸ್ತರ?" ಎಂದಳು. ಅವ್ವನಿಗೆ ಕನ್ನಡ ಬಿಟ್ಟರೆ ಬೇರೆ ಅಕ್ಷರ ಬರುವುದಿಲ್ಲ.

ಮಾಸ್ತರರಿಗೆ ಸುಳ್ಳು ಹೇಳಲು ಬರುವುದಿಲ್ಲ. "ಚೀನಾದಾಗ ತಯಾರಾಗೈತಿ ಅಂತ ಐತ್ರಿ ಅವ್ವಾರ," ಎಂದರು.

ಪಡಸಾಲೆಯಲ್ಲಿ ಹತ್ತು ಹನ್ನೆರಡು ಜನ ಇದ್ದರು. ಎಲ್ಲರೂ ಗೂಡಿನ ಕಡೆ ತಿರುಗಿದರು. ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಅವ್ವ ಮಾತ್ರ ನಕ್ಕುಬಿಟ್ಟಳು.

"ಇವನ ಮಾತು ಇಲ್ಲಿಂದ ಅಲ್ಲಿಗೆ ನಡಕೊಂತ ಹೋಗ್ಯಾವ. ಈಗ ಇವನು ಲಾರ್‍ಯಾಗ ಕುಂತು ಹೊಳ್ಳಿ ಬಂದಾನ. ಮನಿಗೆ ಬಂದಾವನ್ನ ಎಲ್ಲಿಂದ ಬಂದಿ ಅಂತ ಕೇಳ್ತಾರೇನ್ರಿ? ಉಂಡಿಯೇನು ಅಂತ ಕೇಳ್ತಾರ. ಬರ್‍ರಿ, ಎಲಿ ಹಾಕೀವಿ."

ಎಲ್ಲರೂ ನಕ್ಕರು. ಮಾಸ್ತರರೂ ನಕ್ಕರು. ಊಟ ಸುಖವಾಗಿ ಮುಗಿಯಿತು. ಇದು ಇಲ್ಲಿಗೆ ಮುಗಿಯಿತು ಎಂದು ನಾನೂ ಅಂದುಕೊಂಡೆ.

ಆದರೆ ಮಾತು ಓಣಿಯಲ್ಲಿ ಹರಡಿತು. ಹೊಸ ಮನೆ ನೋಡಲು ಬರುವವರು ಇನ್ನೂ ಬರುತ್ತಲೇ ಇದ್ದರು. ಬಂದವರು ಟೈಲ್ಸು ನೋಡುತ್ತಿದ್ದರು, ಅಡುಗೆಮನೆ ನೋಡುತ್ತಿದ್ದರು, ಆಮೇಲೆ ಗೂಡಿನ ಹತ್ತಿರ ಹೋಗಿ, "ಇದೇ ಏನ್ರಿ ಚೀನಾದ್ದು?" ಎಂದು ಮೂರ್ತಿಯನ್ನು ಎತ್ತಿ ಅಡಿಗೆ ಬಗ್ಗಿ ನೋಡುತ್ತಿದ್ದರು. ಒಬ್ಬಾಕೆ ಫೋಟೋ ಕೂಡ ಹೊಡೆದುಕೊಂಡಳು. ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ, ಅವರಿಗೆ ಅದೊಂದು ತಮಾಷೆ.

ಒಂದು ಬೆಳಿಗ್ಗೆ ನಾನು ಎದ್ದು ಬಂದಾಗ ಅವ್ವ ನೆಲದ ಮೇಲೆ ಕೂತಿದ್ದಳು. ಮೂರ್ತಿಯನ್ನು ತೊಡೆಯ ಮೇಲೆ ಮಗುವಿನ ಹಾಗೆ ಬೋರಲು ಮಲಗಿಸಿಕೊಂಡು, ಅಡಿಯ ಚೀಟಿಯನ್ನು ಉಗುರಿನಿಂದ ಕೆರೆಯುತ್ತಿದ್ದಳು. ಅರ್ಧ ಬಂದಿತ್ತು, ಅರ್ಧ ಅಂಟಿಕೊಂಡೇ ಇತ್ತು.

"ಯಾಕವ್ವ, ನೀನೇ ಅವತ್ತು ನಕ್ಕಿದ್ದಿಯಲ್ಲ?"

"ಮಾಸ್ತರಗ ಬ್ಯಾಸರ ಆಗಬಾರದು ಅಂತ ನಕ್ಕೆ," ಎಂದಳು. ಕೆರೆಯುವುದನ್ನು ನಿಲ್ಲಿಸಲಿಲ್ಲ. "ದಿನಾ ಒಬ್ಬರು ಬಂದು ಎತ್ತಿ ನೋಡಾಕತ್ತಾರ. ಯಾರ ಮನ್ಯಾಗರ ದೇವರ ಬುಡಕ ಹಣಕಿ ನೋಡ್ತಾರೇನು? ನಾವು ಬಾಡಿಗಿ ಮನಿ ಕೇಳಾಕ ಹೋದಾಗ ಮಂದಿ ಏನ್ ಕೇಳ್ತಿದ್ರು, ನೆಪ್ಪೈತಿಲ್ಲ? ನೀವು ಎಲ್ಲಿಯವರು, ಯಾರ ಪೈಕಿ. ಬಾಯ್ಲೆ ಹೆಸರು ಹೇಳಿದ್ರೂ ಬುಡ ನೋಡೇ ಕೀಲಿ ಕೊಡ್ತಿದ್ರು. ನಮಗಾತು, ಇರಲಿ. ಇವನಿಗೂ ಅದೇ ಆದ್ರ ಹೆಂಗ?"

ನನಗೆ ಎಲ್ಲ ನೆನಪಿತ್ತು. ಒಂದು ಮನೆಯ ಕೀಲಿ ಕೈಗೆ ಬಂದು, ಅಡ್ವಾನ್ಸು ಕೊಡುವ ಹೊತ್ತಿಗೆ "ನಮ್ಮ ತಮ್ಮ ಬರ್ತಾನಂತ್ರಿ" ಎಂದ ಮನೆಯೊಡೆಯನ ಕೈಗೆ ಹಿಂದಕ್ಕೆ ಹೋಗಿತ್ತು. ಆ ತಮ್ಮ ಬಂದದ್ದನ್ನು ನಾವು ಯಾವತ್ತೂ ನೋಡಲಿಲ್ಲ. ನಾನು ಒಂದು ಬಟ್ಟೆಗೆ ಕೊಬ್ಬರಿ ಎಣ್ಣೆ ಹಚ್ಚಿ ತಂದೆ. ಇಬ್ಬರೂ ಸೇರಿ ಉಳಿದ ಚೀಟಿಯನ್ನು ಉಜ್ಜಿ ತೆಗೆದೆವು.

ಶಾಲೆಯಲ್ಲಿ ಮಾಸ್ತರರಿಗೆ ಇದನ್ನು ಹೇಳಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಮೂರನೆಯ ದಿನ ಹೇಳಿದೆ, ಅವ್ವ ಅಂದದ್ದನ್ನು ಅಂದ ಹಾಗೆಯೇ. ಅವರು ತಿನ್ನುತ್ತಿದ್ದ ಲೆಕ್ಕದ ನೋಟ್‌ಬುಕ್ ಮುಚ್ಚಿದರು. "ನಾ ಮಾಲಿನ ವಿಚಾರ ಮಾಡಿದೆ ಮೇಡಂ, ಮನಷ್ಯಾರ ವಿಚಾರ ಮಾಡಲಿಲ್ಲ," ಎಂದರು.

ಅವತ್ತು ಸಂಜೆ ಶಾಲೆ ಬಿಟ್ಟ ಮೇಲೆ ಗೇಟಿನ ಹತ್ತಿರ ನಿಂತು ಹೇಳಿದರು: "ಮಸ್ಕಿ ದಾಟಿ ಲಿಂಗಸುಗೂರ ಹಾದ್ಯಾಗ ಒಬ್ಬಾವ ಕಲ್ಲು ಕಡಿತಾನ. ನಾ ಊರಿಗೆ ಹೋಗಿ ಬರೂವಾಗ ನೋಡೀನಿ. ಒಳಕಲ್ಲು, ಬೀಸುಕಲ್ಲು, ನಾಗಪ್ಪನ ಕಲ್ಲು ಮಾಡ್ತಾನ. ಅವ್ವಾರಿಗೆ ಮನಸ್ಸಿದ್ರ ಕೇಳೋಣೇನು? ಚೀಟಿ ಸಲುವಾಗಿ ಅಲ್ರಿ. ನನ್ನ ಸಮಾಧಾನಕ್ಕ ಅನ್ಕೋರಿ."

ಅವ್ವ ಮೊದಲು ಬೇಡ ಎಂದಳು. ರಾತ್ರಿ ಉಂಡು ಮಲಗಿದಳು. ಬೆಳಿಗ್ಗೆ ಚಹಾ ಕುಡಿಯುವಾಗ, "ಕಲ್ಲಿಂದಾ? ಕಲ್ಲಿಂದಾದ್ರ ಯಾರೂ ಎತ್ತಿ ನೋಡಾಂಗಿಲ್ಲ," ಎಂದು ತನ್ನಷ್ಟಕ್ಕೇ ಅಂದಳು. ಆ ಭಾನುವಾರವೇ ಮೂವರೂ ಬಸ್ಸು ಹತ್ತಿದೆವು.

ಕಾಲುವೆಯ ಗದ್ದೆಗಳ ಹಸಿರು ಮಸ್ಕಿ ಬರುವ ಹೊತ್ತಿಗೆ ಮುಗಿದು, ಆಚೆಗೆ ಬಂಡೆಗಲ್ಲು, ಕೆಂಪು ನೆಲ ಶುರುವಾಯಿತು. ಕಲ್ಲು ಕಡಿಯುವವನು ರಸ್ತೆಯ ಪಕ್ಕ ನಾಲ್ಕು ಕಂಬದ ಮೇಲೆ ತಗಡು ಹೊದಿಸಿಕೊಂಡು ಕೂತಿದ್ದ. ಐವತ್ತರ ಆಸುಪಾಸಿನ ಮನುಷ್ಯ. ಹುಬ್ಬಿನ ಮೇಲೆಲ್ಲ ಕಲ್ಲಿನ ಪುಡಿ. ಸುತ್ತಲೂ ಒಳಕಲ್ಲುಗಳು, ಅರ್ಧ ಆದ ಒಂದು ಬಸವಣ್ಣ. ಮಾಸ್ತರರು ವಿಷಯ ಹೇಳಿದರು. ಅವನು ಉಳಿ ಕೆಳಗಿಟ್ಟು ತಲೆ ಕೆರೆದುಕೊಂಡ.

"ಬುದ್ಧಪ್ಪನ್ನ ನಾ ಯಾವತ್ತೂ ಮಾಡಿಲ್ರಿ ಅಕ್ಕೋರ. ಯಾರೂ ಕೇಳಿಲ್ಲ."

ನಾನು ಫೋನಿನಲ್ಲಿ ಚಿತ್ರಗಳನ್ನು ತೋರಿಸಿದೆ. ಅವನು ಒಂದೊಂದನ್ನೇ ಬೆರಳಿನಿಂದ ಸರಿಸಿ ನೋಡಿದ. "ಇವೆಲ್ಲ ಬ್ಯಾರೆ ಬ್ಯಾರೆ ಮುಖ ಅದಾವಲ್ರಿ? ಒಬ್ಬಂದು ಉದ್ದ ಮುಖ, ಒಬ್ಬಂದು ದುಂಡಗ. ಕಣ್ಣು ಮುಚ್ಯಾವೋ, ತೆರದಾವೋ? ನಿಮಗ ಎಂಥಾವ ಬೇಕು?"

ಉತ್ತರ ಅವ್ವನಿಂದ ಬಂತು. ಅವಳು ಒಂದು ಒಳಕಲ್ಲಿನ ಮೇಲೆ ಕೂತಿದ್ದಳು.

"ಈಕಿ ಅಪ್ಪ ಗಣಿಯಾಗ ಪಾಳಿ ಮುಗಿಸಿ ಬರ್ತಿದ್ರು. ಮುಖ ತೊಳಕೊಂಡು, ಚಾ ಕುಡಿಯಾಕಿಂತ ಮೊದಲು ಗ್ವಾಡಿಗೆ ಆತು ಸುಮ್ನ ಕುಂದರ್ತಿದ್ರು. ನಿದ್ದಿ ಅಲ್ಲ, ಎಚ್ಚರಾನೂ ಅಲ್ಲ. ಸಿಟ್ಟಿಲ್ಲ, ಸೆಡವಿಲ್ಲ. ಮ್ಯಾಲೆ ಬಂದೆ, ಬೆಳಕು ಕಂಡೆ ಅನ್ನಂಗ. ಹಂತಾ ಮುಖ ಮಾಡು. ಕಣ್ಣು ಅರ್ಧಾ ತೆರದಿರಲಿ."

ಅವನು ಕೇಳಿ, "ತಿಳೀತವ್ವ," ಎಂದ. ಫೋನನ್ನು ನನಗೆ ವಾಪಸು ಕೊಟ್ಟ. ಮತ್ತೆ ಚಿತ್ರ ಕೇಳಲಿಲ್ಲ.

ಕಲ್ಲು ಆರಿಸುವಾಗ ಅವನು ಕೈಮಷೀನು ಹಚ್ಚಿ ಒಂದು ಮೂಲೆ ಕೊಯ್ದು ತೋರಿಸಿದ. ಕಿಡಿ ಹಾರಿದವು. ಮಷೀನು ನಿಂತಾಗ ಮಾಸ್ತರರ ಕಣ್ಣು ಅದರ ಮೈಮೇಲೆ ಚೀಟಿ ಹುಡುಕುತ್ತಿದ್ದದ್ದನ್ನು ನಾನು ನೋಡಿದೆ. ಅವನೂ ನೋಡಿದ. "ಎಲ್ಲಿದೋ ಗೊತ್ತಿಲ್ರಿ ಸರ್. ಕಿಡಿಗೆ ಚೀಟಿ ಸುಟ್ಟು ಹೋಗೈತಿ. ಇದು ಬಂದಮ್ಯಾಲೆ ನನ್ನ ರೆಟ್ಟಿ ನೋವು ಅರ್ಧಾ ಕಡಿಮಿ ಆತು," ಎಂದ. ಮಾಸ್ತರರು ತಲೆಯಾಡಿಸಿ, "ಹುಷಾರು, ಕಣ್ಣಿಗೆ ಕನ್ನಡಕ ಹಾಕ್ಕೋ," ಎಂದಷ್ಟೇ ಹೇಳಿದರು.

ಮೂರು ವಾರದ ಮೇಲೆ ಅವನ ಫೋನು ಬಂತು. ದನಿ ಸಣ್ಣದಾಗಿತ್ತು. "ತಪ್ಪಾತ್ರಿ ಅಕ್ಕೋರ. ಮೂಗು ಎಬ್ಬಸೂ ಮುಂದ ಕಲ್ಲು ಸೀಳಿತು. ಒಳಗ ಒಂದು ಬಿರುಕಿನ ಎಳಿ ಇತ್ತು, ನನಗ ಕಾಣಲಿಲ್ಲ. ಇನ್ನೊಂದು ಕಲ್ಲು ಇಟ್ಟೀನಿ. ಮೊದಲಿಂದ ಮಾಡಾಕತ್ತೀನಿ. ತಡ ಆಗ್ತೈತಿ."

ನಾನು ಅವ್ವನಿಗೆ ಫೋನು ಕೊಟ್ಟೆ. ಕಲ್ಲು ಒಡೆದದ್ದನ್ನು ಅಪಶಕುನ ಎಂದುಕೊಂಡಾಳೇನೋ ಎಂಬ ಅಳುಕು ನನಗೆ. ಅವ್ವ, "ನಿನ್ನ ಕೈಗೆ ಏನರ ಬಡಿತೇನಪ್ಪ?" ಎಂದು ಕೇಳಿದಳು. ಇಲ್ಲ ಎಂದನಂತೆ. "ಹಂಗಾದ್ರ ಸಾವಕಾಶ ಮಾಡು. ನಮಗೇನು ಗಡಿಬಿಡಿ ಇಲ್ಲ."

ಮೂರ್ತಿ ಮುಗಿಯುವ ಹೊತ್ತಿಗೆ ಬೇಸಿಗೆ ಬಂದಿತ್ತು. ಮತ್ತೆ ಮೂವರೂ ಹೋದೆವು. ತಗಡಿನ ಕೆಳಗೆ ಒದ್ದೆ ಗೋಣಿಚೀಲ ಹೊದ್ದು ಅದು ಕೂತಿತ್ತು. ಅವನು ಚೀಲ ತೆಗೆದ.

ಅಂಥ ಬುದ್ಧನನ್ನು ನಾನು ಎಲ್ಲಿಯೂ ನೋಡಿರಲಿಲ್ಲ. ಅಗಲ ಮೂಗು, ದಪ್ಪ ತುಟಿ, ಕೆನ್ನೆಯ ಎಲುಬು ಸ್ವಲ್ಪ ಎದ್ದಿತ್ತು. ತಲೆಯ ಗುಂಗುರು ಕೂದಲನ್ನು ಹೇಗೆ ಮಾಡಬೇಕೋ ತಿಳಿಯದೆ, ಅವನು ಜೋಳದ ತೆನೆಯ ಕಾಳುಗಳ ಹಾಗೆ ಸಾಲುಸಾಲಾಗಿ ಕಡಿದಿದ್ದ. ಒಂದು ಭುಜ ಇನ್ನೊಂದಕ್ಕಿಂತ ಕೂದಲೆಳೆಯಷ್ಟು ಕೆಳಗಿತ್ತು. ಅದು ನನ್ನ ಅಪ್ಪನ ಮುಖವಾಗಿರಲಿಲ್ಲ. ಅಪ್ಪನನ್ನು ಅವನು ನೋಡಿಯೇ ಇರಲಿಲ್ಲ. ಆದರೆ ಹಟ್ಟಿಯಲ್ಲಿ ಪಾಳಿ ಬಿಟ್ಟಾಗ ಸಾಲಾಗಿ ಬರುತ್ತಿದ್ದವರಲ್ಲಿ ಯಾರದಾದರೂ ಆಗಬಹುದಿತ್ತು.

ಅವ್ವ ಹತ್ತಿರ ಹೋಗಿ, ಕುಕ್ಕರಗಾಲಿನಲ್ಲಿ ಕೂತು, ಆ ಮುಖದ ಮೇಲೆ ಅಂಗೈ ಆಡಿಸಿದಳು. ಕಲ್ಲು ಕಡಿಯುವವನು ಎರಡು ಕೈಯನ್ನೂ ಒಂದಕ್ಕೊಂದು ಉಜ್ಜುತ್ತಾ ನಿಂತಿದ್ದ.

"ಚಲೋ ಮಾಡೀದಿ," ಎಂದಳು ಅವ್ವ. ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಭಾಳ ಚಲೋ ಮಾಡೀದಿ ನೋಡು."

ಹೊರಡುವ ಮೊದಲು ಅವನು ಸಂಕೋಚದಿಂದ ಒಂದು ಮಾತು ಕೇಳಿದ. "ನಾ ಮಾಡಿದ್ದು ಅಂತ ಇದರ ಮ್ಯಾಲೆ ಒಂದು ಗುರ್ತು ಹಾಕ್ಲ್ಯಾ ಅವ್ವ? ಒಳಕಲ್ಲಿಗೆ ಯಾರು ಬರಸ್ತಾರ್‍ರಿ? ನಾಗಪ್ಪನ ಕಲ್ಲಿಗೆ ಮಾಡಿಸಿದಾವ್ರ ಹೆಸರು ಬರಸ್ತಾರ, ಮಾಡಿದಾವ್ರದಲ್ಲ."

ಮಾಸ್ತರರ ಮುಖ ಅರಳಿತು. ಏನೋ ಹೇಳಲು ಬಾಯಿ ತೆರೆದವರು ಅವ್ವನ ಕಡೆ ನೋಡಿ ಸುಮ್ಮನಾದರು. ಅವ್ವ ಯೋಚಿಸಿದಳು.

"ಬರಿ. ಕಡದಾವನ ಹೆಸರು ಇರಬೇಕು. ಆದ್ರ ಅಡಿಗೆ ಬ್ಯಾಡ. ಬೆನ್ನಿಗೆ ಬರಿ. ಕಾಣಂಗ ಇರಲಿ. ಯಾರೂ ಎತ್ತಿ ನೋಡಬಾರದು."

ಅವನಿಗೆ ಅಕ್ಷರ ಅಷ್ಟಾಗಿ ಬರುತ್ತಿರಲಿಲ್ಲ. ನನ್ನ ಪರ್ಸಿನಲ್ಲಿ ಸೀಮೆಸುಣ್ಣದ ಒಂದು ತುಂಡು ಇತ್ತು. ಅವನ ಹೆಸರು, ಅವನ ಊರಿನ ಹೆಸರು ಕೇಳಿಕೊಂಡು ಬುದ್ಧನ ಬೆನ್ನಿನ ಮೇಲೆ ದೊಡ್ಡದಾಗಿ ಬರೆದೆ. "ಇದು ನನ್ನ ಹೆಸರಿನ ಮೊದಲ ಅಕ್ಷರ ಏನ್ರಿ?" ಎಂದು ಅವನು ಬೆರಳಿಟ್ಟು ಕೇಳಿದ. ಆಮೇಲೆ ಸಣ್ಣ ಉಳಿ ಹಿಡಿದು ನಾನು ಬರೆದ ಗೆರೆಯ ಮೇಲೆಯೇ ಕಡಿಯುತ್ತಾ ಹೋದ. ಸುಮಾರು ಒಂದು ತಾಸು ಹಿಡಿಯಿತು. ಒಂದು ಒತ್ತಕ್ಷರ ಜಾರಿ ಪಕ್ಕದ ಅಕ್ಷರದ ಕೆಳಗೆ ಹೋಯಿತು. ಮಾಸ್ತರರು ಅದನ್ನು ನೋಡಿದರು, ತಿದ್ದಲು ಹೋಗಲಿಲ್ಲ.

ಮೂರ್ತಿಯನ್ನು ಹುಲ್ಲು ಹಾಕಿ ಗೋಣಿಚೀಲದಲ್ಲಿ ಕಟ್ಟಿ, ಮಾಸ್ತರರೂ ಕಲ್ಲು ಕಡಿಯುವವನೂ ಸೇರಿ ಬಸ್ಸಿಗೆ ಏರಿಸಿದರು. ಕಂಡಕ್ಟರು ಬಂದ. "ಹೆಣ್ಣುಮಕ್ಕಳಿಗೆ ಫ್ರೀ. ಸರ್‌ದೊಂದು ಟಿಕೇಟು. ಚೀಲದಾಗ ಏನೈತ್ರಿ?"

"ಬುದ್ಧ," ಎಂದರು ಮಾಸ್ತರರು.

"ದೇವರೇನ್ರಿ? ದೇವರಿಗೆ ಟಿಕೇಟಿಲ್ಲ ಬಿಡ್ರಿ."

ಅವ್ವ ಸುಮ್ಮನಿರಲಿಲ್ಲ. "ದೇವರಲ್ಲಪ್ಪ, ಗುರು."

ಕಂಡಕ್ಟರು ಕಿವಿಯ ಮೇಲಿದ್ದ ಪೆನ್ನು ತೆಗೆದು ಯೋಚಿಸಿದ. "ಗುರು ಅಂದ್ರ ಗಂಡಸರಲ್ರಿ ಯವ್ವಾ? ಹಂಗಾದ್ರ ಟಿಕೇಟು ಆಗ್ತೈತಿ." ಸುತ್ತಲಿನವರೆಲ್ಲ ಗೊಳ್ಳೆಂದು ನಕ್ಕರು. ಅವನು ಲಗೇಜಿನ ಟಿಕೇಟು ಹರಿದು ಅವ್ವನ ಕೈಗೆ ಕೊಟ್ಟ. ಅವ್ವ ಅದನ್ನು ಮಡಚಿ ಎಲೆಯಡಿಕೆ ಚೀಲದಲ್ಲಿ ಇಟ್ಟುಕೊಂಡಳು.

ಪಡಸಾಲೆಯ ಗೂಡು ಅಷ್ಟು ಭಾರ ತಡೆಯುವುದಿಲ್ಲ ಎಂದು ನನ್ನ ಗಂಡ ನೆಲದ ಮೇಲೆ ಇಟ್ಟಿಗೆಯ ಒಂದು ಕಟ್ಟೆ ಕಟ್ಟಿದರು. ಬಿಳಿಯ ಮೂರ್ತಿಯನ್ನು ಏನು ಮಾಡುವುದು ಎಂದು ನಾನು ಕೇಳಿದಾಗ ಅವ್ವನಿಗೆ ಸಿಟ್ಟು ಬಂತು. "ಏನ್ ಮಾಡೂದು ಅಂದ್ರ? ಅವನೇನು ತಪ್ಪು ಮಾಡ್ಯಾನ?" ಅದನ್ನು ತನ್ನ ಮಂಚದ ಹತ್ತಿರದ ಕಿಟಕಿಯಲ್ಲಿ ಇಟ್ಟುಕೊಂಡಳು. ಈಗಲೂ ಅಲ್ಲೇ ಇದೆ.

ಮನೆಗೆ ಬರುವವರು ಈಗಲೂ ಕಟ್ಟೆಯ ಹತ್ತಿರ ಹೋಗುತ್ತಾರೆ, ಸುತ್ತು ಹಾಕಿ ಬೆನ್ನಿನ ಅಕ್ಷರ ಓದುತ್ತಾರೆ, "ಇದು ಯಾರ್‍ರಿ?" ಎಂದು ಕೇಳುತ್ತಾರೆ. ಮಸ್ಕಿಯ ಆಚೆ ತಗಡಿನ ಕೆಳಗೆ ಕೂರುವ ಮನುಷ್ಯನ ಬಗ್ಗೆ ಅವ್ವ ಹೇಳುತ್ತಾಳೆ. ಹಾಗೆ ಕೇಳಿ ಹೋದ ಹಟ್ಟಿಯ ಒಂದು ಮನೆಯವರು ಅವನ ಹತ್ತಿರ ಮೂರ್ತಿ ಮಾಡಿಸಿದರು. ಮಾಸ್ತರರಿಗೆ ಈಗ ಲಿಂಗಸುಗೂರಿಗೆ ವರ್ಗವಾಗಿದೆ. ಸಾಮಾನು ಕೊಳ್ಳುವಾಗ ಚೀಟಿ ಓದುವುದನ್ನು ಅವರು ಬಿಟ್ಟಿಲ್ಲ. ಇನ್ನೊಬ್ಬರ ಮನೆಯಲ್ಲಿ ಓದುವುದನ್ನು ಬಿಟ್ಟಿದ್ದಾರೆ. ಹೊಸ ಶಾಲೆಯ ಶಿಕ್ಷಕಿಯರಿಗೆ ಚಟ್ನಿ ಅರೆಯುವ ಸಣ್ಣ ಒಳಕಲ್ಲುಗಳನ್ನು ಆ ಕಲ್ಲು ಕಡಿಯುವವನಿಂದ ತಂದುಕೊಡುತ್ತಾರಂತೆ.

ಹೋದ ತಿಂಗಳು ಅವನು ಅವ್ವನಿಗೆ ಫೋನು ಮಾಡಿದ. ಅವ್ವ ಅಕ್ಕಿ ಆರಿಸುತ್ತಾ ಕೂತಿದ್ದಳು. ನಾನು ಸ್ಪೀಕರ್ ಹಾಕಿ ಮೊರದ ಮೇಲೆ, ಅಕ್ಕಿಯ ಪಕ್ಕದಲ್ಲಿ ಇಟ್ಟೆ.

"ಯವ್ವಾ, ಜವಳಗೇರಾದವರು ಒಂದು ಬುದ್ಧಪ್ಪನ್ನ ಹೇಳ್ಯಾರ. ಕಣ್ಣು ಪೂರಾ ತೆರದಿರಬೇಕಂತ, ಸ್ವಲ್ಪ ನಗಬೇಕಂತ. ನಾ ಹಂಗ ಮಾಡಬಹುದೇನು? ತಪ್ಪಾಗ್ತೈತೇನು?"

"ಅವರ ಮನ್ಯಾಗ ಕುಂದ್ರಾವ ಅವನು," ಎಂದಳು ಅವ್ವ. "ಅವರು ಹೆಂಗ ಅಂತಾರ ಹಂಗ ಮಾಡು. ನಗಸು, ಏನಾಗ್ತೈತಿ?"

ಅವನು ಹೂಂ ಎಂದು ಫೋನು ಇಟ್ಟ. ಅವ್ವ ಅಕ್ಕಿಯಲ್ಲಿ ಸಿಕ್ಕ ಒಂದು ಹರಳನ್ನು ಅಂಗಳಕ್ಕೆ ಎಸೆದು, ಮತ್ತೆ ಆರಿಸತೊಡಗಿದಳು.